ಮುಚ್ಚಳ ಎತ್ತಿದ ಮಣ್ಣು

ಬೆಳಗಿನ ಹತ್ತು ಗಂಟೆಗೆ ಎರಡು ಜೀಪುಗಳು ತಾಂಡಾದ ಬೇವಿನ ಮರದ ಕೆಳಗೆ ಬಂದು ನಿಂತವು. ಕೆನಡಾ ದೇಶದ ಒಂಬತ್ತು ಮಂದಿ ಇಳಿದರು. ಇಳಿದದ್ದೇ ತಡ, ಎದುರಿಗೆ ಸಿಕ್ಕ ಹೆಂಗಸರ ಕೊರಳಿಗೆ ಜೋತುಬಿದ್ದು ಹೋ ಎಂದು ಅಳತೊಡಗಿದರು.

ಭೀಮಾಬಾಯಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅಳುವ ದನಿ ಕಿವಿಗೆ ಬಿತ್ತು. ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಎಪ್ಪತ್ತರ ಒಬ್ಬ ಬಿಳಿ ಮುದುಕಿ ನೆಟ್ಟಗೆ ಇವಳ ಕಡೆಗೇ ಬಂದು, ಗಟ್ಟಿಯಾಗಿ ತಬ್ಬಿಕೊಂಡು, ಹೆಗಲ ಮೇಲೆ ತಲೆಯಿಟ್ಟು ದನಿ ತೆಗೆದಳು. ದನಿಯೇನೋ ಇತ್ತು, ಕಣ್ಣೀರು ಮಾತ್ರ ಇರಲಿಲ್ಲ. ಅಷ್ಟರಲ್ಲಿ ಇಡೀ ತಾಂಡಾ ಸೇರಿತು. ಗಂಡಸರು ರುಮಾಲು ತೆಗೆದು ಕೈಯಲ್ಲಿ ಹಿಡಿದು ತಲೆ ತಗ್ಗಿಸಿ ನಿಂತರು. ಯಾರೋ ಓಡಿಹೋಗಿ ಹೊಲದಲ್ಲಿದ್ದವರನ್ನೂ ಕೂಗಿ ಕರೆದರು.

"ಯಾರ್ ಸತ್ತಾರ್ರಿ ಅಯ್ನೋರ? ದಾರ್ಯಾಗ ಏನರೆ ಆಯ್ತೇನ್ರಿ?" ಎಂದು ಭೀಮಾಬಾಯಿ ಮುದುಕಿಯ ತೋಳಿನೊಳಗಿಂದಲೇ ಕೇಳಿದಳು.

ಕೇಳಿದ್ದು ಶಹಾಪುರದ ಪಾದ್ರಿ ಸೂಗಪ್ಪನವರನ್ನು. ಅತಿಥಿಗಳನ್ನು ಕರೆತಂದವರು ಅವರೇ. ಒಳ್ಳೆಯ ಮನುಷ್ಯ, ಯಾರ ಮನಸ್ಸನ್ನೂ ನೋಯಿಸಲಾರದ ಮನುಷ್ಯ, ಆ ಕಾರಣಕ್ಕೇ ಆಗಾಗ ಪೇಚಿಗೆ ಸಿಕ್ಕುವ ಮನುಷ್ಯ. ಈಗ ಅವರ ಮುಖ ಸುಟ್ಟ ಬದನೆಕಾಯಿ ಆಗಿತ್ತು.

"ಯಾರೂ ಸತ್ತಿಲ್ಲ ಬಾಯಿ. ಇದು ನಿಮ್ಮ ಪದ್ಧತಿ ಅಲ್ಲೇನು? ಲಂಬಾಣಿ ಹೆಣ್ಮಕ್ಕಳು ಭೆಟ್ಟಿ ಆದಾಗ ತಬ್ಬಿಕೊಂಡು ಅಳ್ತಾರ, ನೀವೂ ಹಂಗ ಮಾಡಿದ್ರ ಅವರಿಗಿ ಸಂತೋಷ ಆಗ್ತದ ಅಂತ ನಾನೇ ಕಾಗದದಾಗ ಬರ್ದಿದ್ನಿ. ಶಹಾಪುರ ಬಸ್ ಸ್ಟ್ಯಾಂಡಿನ್ಯಾಗ ಕಣ್ಣಾರೆ ನೋಡೀನಿ."

"ಅಳ್ತೀವ್ರಿ, ಖರೇ ಅದ," ಎಂದಳು ಭೀಮಾಬಾಯಿ. "ತೌರಮನಿಯಿಂದ ತಂಗಿ ಬಂದ್ರ ಅಳ್ತೀವಿ. ವರ್ಷಗಟ್ಟಲೆ ನೋಡದ ಮಗಳು ಬಂದ್ರ ಅಳ್ತೀವಿ. ಗುರ್ತಿಲ್ಲದ ಮಂದಿ ಬಂದ್ರ ಅಳೂದಿಲ್ರಿ, ಕುಡಿಲಾಕ ನೀರು ಕೊಡ್ತೀವಿ."

ತಾಂಡಾ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಸೂಗಪ್ಪನವರು ಬೆವರೊರೆಸಿಕೊಳ್ಳುತ್ತ ಅದನ್ನು ಇಂಗ್ಲಿಷಿಗೆ ತಿರುಗಿಸಿದರು. ಮುದುಕಿಯ ಹೆಸರು ಎಡಿತ್. ಅವಳ ಮುಖ ಮೊದಲು ಕೆಂಪಾಯಿತು, ಆಮೇಲೆ ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ. ಭೀಮಾಬಾಯಿ ಒಳಗೆ ಹೋಗಿ ತಂಬಿಗೆ ತುಂಬ ನೀರು ತಂದು ಕೊಟ್ಟಳು. ಸಂಜೆಯ ಹೊತ್ತಿಗೆ ಎಡಿತ್ ಎಂಬ ಹೆಸರು ತಾಂಡಾದ ಬಾಯಲ್ಲಿ ಎಡಿತಮ್ಮ ಆಗಿ ಹೋಗಿತ್ತು.

ಇದು ತೊಂಬತ್ತಾರನೆಯ ಇಸವಿ, ಸಂಕ್ರಾಂತಿ ಕಳೆದು ವಾರವಾಗಿತ್ತು. ತಾಂಡಾ ಇರುವುದು ಗೋಗಿಯಿಂದ ಎರಡು ಮೈಲಿ ಆಚೆ, ಕಾಲುವೆ ದಂಡೆಯ ಕೆಳಗಿನ ಒಂದು ಕಲ್ಲುದಿಬ್ಬದ ಮೇಲೆ. ಅರವತ್ತು ಮನೆ. ಮೂರು ಮನೆಯವರು ಸೂಗಪ್ಪನವರ ಚರ್ಚಿಗೆ ಹೋಗುತ್ತಾರೆ, ಉಳಿದವರಿಗೆ ಸೇವಾಲಾಲ್ ಉಂಟು, ಮರಿಯಮ್ಮ ಉಂಟು. ಅತಿಥಿಗಳು ಎಂಟು ದಿನ ಇದ್ದು, ಮಕ್ಕಳಿಗೆ ಹಾಡು ಕಥೆ ಕಲಿಸಿ, ಒಂದು ಕೋಣೆ ಕಟ್ಟಿಕೊಟ್ಟು ಹೋಗುತ್ತಾರೆಂದು ಪಾದ್ರಿ ಹೇಳಿದಾಗ ತಾಂಡಾದ ಮುಖಂಡ ನಾಯ್ಕ ಒಂದೇ ಮಾತು ಹೇಳಿದ್ದ: ಭಾನುವಾರ ನಿಮ್ಮ ಪ್ರಾರ್ಥನೆ, ಆರು ದಿನ ನಮ್ಮ ಮಕ್ಕಳ ಶಾಲೆ. ಸೂಗಪ್ಪನವರು ಒಪ್ಪಿದರು. ಅಂಗಳ ದೊಡ್ಡದಿದ್ದ ಭೀಮಾಬಾಯಿಯ ಮನೆಯೇ ಅತಿಥಿಗಳ ಊಟದ ಮನೆ ಎಂದು ತೀರ್ಮಾನವಾಯಿತು.

ಅವಳು ಆ ಕೆಲಸವನ್ನು ಯಾರೂ ಕೇಳುವ ಮುಂಚೆಯೇ ಮೈಮೇಲೆ ಎಳೆದುಕೊಂಡಿದ್ದಳು. ಕಾರಣ ಅವಳ ಮೊಮ್ಮಗಳು ಸೋನಿ. ತಾಂಡಾದ ಮಕ್ಕಳು ಗೋಗಿಯ ಶಾಲೆಗೆ ಕಾಲುವೆ ದಂಡೆಯ ಮೇಲೇ ನಡೆದು ಹೋಗಬೇಕು. ಹೋದ ವರ್ಷ ಶ್ರಾವಣದಲ್ಲಿ ಏಳು ವರ್ಷದ ಸೋನಿ ಕಾಲು ಜಾರಿ ತುಂಬಿದ ಕಾಲುವೆಗೆ ಬಿದ್ದಳು. ಎಮ್ಮೆ ತೊಳೆಯುತ್ತಿದ್ದವನೊಬ್ಬ ಜಡೆ ಹಿಡಿದು ಎಳೆದ. ಅಂದಿನಿಂದ ಪಾಟಿಚೀಲ ಗೂಟಕ್ಕೆ, ಹುಡುಗಿ ಆಡಿನ ಹಿಂದೆ. ಅವಳ ಹಾಗೆ ಮನೆಯಲ್ಲಿ ಕೂತ ಹುಡುಗಿಯರು ಹನ್ನೊಂದು ಮಂದಿ. ತಾಂಡಾದಲ್ಲೇ ಒಂದು ಗಟ್ಟಿ ಕೋಣೆ ಇದ್ದರೆ ಮಾಸ್ತರರು ಬರುತ್ತಾರೆ, ಹುಡುಗಿ ಅಕ್ಷರ ಕಲಿಯುತ್ತಾಳೆ. ಭೀಮಾಬಾಯಿಗೆ ಬೇಕಾದದ್ದು ಅಷ್ಟೇ, ಆದರೆ ಬದುಕಿನಲ್ಲಿ ಬೇರೇನನ್ನೂ ಅವಳು ಅಷ್ಟು ಬಯಸಿರಲಿಲ್ಲ.

ಎರಡನೆಯ ದಿನ ಕೆಲಸ ಶುರುವಾಯಿತು. ದಿಬ್ಬದ ಮೇಲೆ ಒಂದು ಕೋಳಿಗೂಡಿಗೂ ಜಾಗವಿರಲಿಲ್ಲ. ಹಾಗಾಗಿ ದಿಬ್ಬದ ಕೆಳಗೆ, ಕಾಲುವೆಯ ಕಡೆಗಿದ್ದ ಎರೆಮಣ್ಣಿನ ಬಯಲನ್ನು ನಾಯ್ಕ ತೋರಿಸಿದ್ದ. ತಂಡದಲ್ಲಿ ನಾರ್ಮನ್ ಎಂಬ ನಿವೃತ್ತ ಎಂಜಿನಿಯರ್ ಇದ್ದ. ಅವನು ತನ್ನ ಊರಲ್ಲೇ ಕೂತು ನಕ್ಷೆ ಬರೆದು, ಮಡಚಿ, ಪ್ಲಾಸ್ಟಿಕ್ ಹೊದಿಸಿ ತಂದಿದ್ದ. ನಕ್ಷೆಯಲ್ಲಿ ಪಾಯದ ಆಳ ಎರಡು ಅಡಿ. ಒಂಬತ್ತೂ ಮಂದಿ ಟೊಪ್ಪಿಗೆ ಹಾಕಿಕೊಂಡು, ಹಾಡು ಹೇಳುತ್ತ, ಬಿಸಿಲಿಗೆ ಟೊಮೇಟೊ ಹಣ್ಣಿನ ಬಣ್ಣಕ್ಕೆ ತಿರುಗುತ್ತ, ಸಂಜೆಯೊಳಗೆ ನಾಲ್ಕೂ ಕಡೆ ಎರಡಡಿ ಅಗೆದು ಮುಗಿಸಿದರು. ಒಬ್ಬರೂ ಮೈಗಳ್ಳರಲ್ಲ. ಅದನ್ನು ತಾಂಡಾದವರೂ ಒಪ್ಪಿದರು.

ಭೀಮಾಬಾಯಿ ಚಹಾದ ಕೆಟಲು ಹಿಡಿದು ಬಂದವಳು ಪಾಯದ ಅಂಚಿನಲ್ಲಿ ನಿಂತೇಬಿಟ್ಟಳು. ಕೆಳಗೆ ಕಪ್ಪು ಮಣ್ಣು, ಬರೀ ಕಪ್ಪು ಮಣ್ಣು.

ಈ ಮಣ್ಣಿನ ಬಗ್ಗೆ ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕಾಲುವೆ ಅಗೆದ ಒಂಬತ್ತು ವರ್ಷ ಅವಳು ಗ್ಯಾಂಗಿನಲ್ಲಿ ಬುಟ್ಟಿ ಹೊತ್ತವಳು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಈ ಎರೆ, ನೀರು ಕುಡಿದರೆ ಉಬ್ಬಿ ಮೇಲಿದ್ದದ್ದನ್ನೆಲ್ಲ ಎತ್ತುತ್ತದೆ, ಒಣಗಿದಾಗ ಕೈಬಿಡುತ್ತದೆ. ಕಾಲುವೆ ಬರುವ ಮೊದಲು ವರ್ಷಕ್ಕೆ ನಾಲ್ಕು ಮಳೆ, ಅಷ್ಟು ತೊಂದರೆ ಇರಲಿಲ್ಲ. ಈಗ ದಂಡೆಯಿಂದ ಬಸಿಯುವ ನೀರು ಆರು ತಿಂಗಳು ನೆಲದೊಳಗೇ ಹರಿದಾಡುತ್ತದೆ. ಎರೆಯ ಅಡಿಯಲ್ಲಿರುವ ಗಟ್ಟಿ ಕಲ್ಲುಮಿಶ್ರಿತ ಗರಸು ಸಿಗುವ ತನಕ ಅಗೆಯದೆ ಗೋಡೆ ಎಬ್ಬಿಸಿದರೆ ಆ ಗೋಡೆ ಎರಡು ವರ್ಷ ನಿಲ್ಲುವುದಿಲ್ಲ.

ಇದೇ ಬಯಲಿನ ಮೂಲೆಯಲ್ಲಿ ಒಂದು ಮುರುಕು ಗೋಡೆ ಇನ್ನೂ ನಿಂತಿತ್ತು. ಹತ್ತು ವರ್ಷದ ಹಿಂದೆ ಯಾರೋ ಗುತ್ತಿಗೆದಾರ ಮಕ್ಕಳಿಗೆಂದು ಕಟ್ಟಿಸಿದ್ದ ಕೋಣೆ. ಅದಕ್ಕೂ ಕಲ್ಲು ಹೊತ್ತವಳು ಭೀಮಾಬಾಯಿಯೇ. ಪಾಯ ಮೊಣಕಾಲುದ್ದಕ್ಕೇ ನಿಂತದ್ದನ್ನು ಕಂಡಿದ್ದಳು. ಬುಟ್ಟಿ ಹೊರುವ ಹೆಂಗಸು ಬಾಯಿ ಹಾಕುವ ರಿವಾಜು ಇರಲಿಲ್ಲ, ಸುಮ್ಮನೆ ಹೊತ್ತಳು. ಕಾಲುವೆಗೆ ನೀರು ಬಿಟ್ಟ ಎರಡನೆಯ ವರ್ಷ ಗೋಡೆ ಬಾಯಿ ಬಿಟ್ಟು, ಒಂದು ಮಧ್ಯಾಹ್ನ ಛಾವಣಿ ಸಮೇತ ಕುಸಿಯಿತು. ಅಂದು ಭಾನುವಾರ, ಒಳಗೆ ಯಾರೂ ಇರಲಿಲ್ಲ. ಸೋಮವಾರ ಆಗಿದ್ದರೆ? ಈ ಪ್ರಶ್ನೆ ಅಂದಿನಿಂದ ಅವಳನ್ನು ಚುಚ್ಚುತ್ತಲೇ ಇತ್ತು. ಆ ಪಾಯ ಕಂಡ ದಿನ ನಾನೊಂದು ಮಾತು ಆಡಬಹುದಿತ್ತು, ಆಡಲಿಲ್ಲ.

ಮೇಸ್ತ್ರಿ ಮೌಲಾಲಿ ಕಲ್ಲಿನ ಗುಡ್ಡೆಯ ಮೇಲೆ ಕೂತು ಬೀಡಿ ಸೇದುತ್ತಿದ್ದ. ಗೋಗಿಯವನು, ಹಳೆಯ ಕೈ. ಅತಿಥಿಗಳಿಗೆ ಗೋಡೆ ಕೆಲಸ ತೋರಿಸಿಕೊಡಲು ಪಾದ್ರಿ ಕರೆಸಿದ್ದರು.

"ಮೌಲಾಲಿ ಅಣ್ಣಾ, ಇದ್ರ ಮ್ಯಾಲ ಗ್ವಾಡಿ ಎಬ್ಬಸ್ತೀಯೇನು?"

ಮೌಲಾಲಿ ಹೊಗೆ ಬಿಟ್ಟ. "ನಂಗೂ ಕಣ್ಣು ಅದಾವ ಅಕ್ಕಾ. ಪಾದ್ರಿಗೆ ಮುಂಜಾನಿನೇ ಹೇಳ್ದೆ. ಅವರು ದೂರದಿಂದ ಬಂದ ಪಾಹುಣ್ಯಾರು, ಅವರ ನಕ್ಷಾ, ಅವರ ದಿಲ್ ಒಡೀಬ್ಯಾಡ ಅಂದ್ರು. ಎಂಟು ದಿನದಾಗ ಗ್ವಾಡಿ ಎದ್ದು ಬಣ್ಣ ಹೊಡ್ದು ಫೋಟೋ ತೆಗಿಬೇಕಂತ."

ಆ ಸಂಜೆ ಊಟಕ್ಕೆ ಎಲ್ಲರೂ ಅಂಗಳದಲ್ಲಿ ಸಾಲಾಗಿ ಕೂತರು. ರೊಟ್ಟಿ, ಪುಂಡಿಪಲ್ಯ, ಖಾರದ ಶೇಂಗಾ ಹಿಂಡಿ. ನಾರ್ಮನ್ ಹಿಂಡಿ ನೆಕ್ಕಿ ಕಣ್ಣಲ್ಲಿ ನೀರು ತಂದುಕೊಂಡು ಮತ್ತೆ ಹಾಕಿಸಿಕೊಂಡ. ಭೀಮಾಬಾಯಿಗೆ ಅವನ ಮೇಲೆ ಪ್ರೀತಿಯೇ ಬಂತು. ಉಣ್ಣುವ ಅತಿಥಿಯ ತಪ್ಪು ಎತ್ತಿ ಆಡುವುದು ತಾಂಡಾದ ಮರ್ಯಾದೆಯಲ್ಲ. ಎಲ್ಲರೂ ಕೈ ತೊಳೆಯುವ ತನಕ ತಡೆದುಕೊಂಡಳು. ಆಮೇಲೆ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

"ಅಯ್ನೋರ, ನಾ ಒಂದ್ ಮಾತು ಹೇಳ್ತೀನಿ, ಇವರಿಗಿ ತಿಳಿಸ್ರಿ. ನೀವು ಅಗದ ಪಾಯದಾಗ ಗರಸು ಸಿಕ್ಕಿಲ್ಲ. ಈ ಮಣ್ಣು ನೀರು ಕುಡಿದ್ರ ಗ್ವಾಡಿ ಎತ್ತಿ ಒಗಿತದ. ಅಲ್ಲಿ ನಿಂತದ ನೋಡ್ರಿ ಮುರುಕು, ಅದೂ ಹಿಂಗೇ ಆಯ್ತು. ನಮ್ ಮಕ್ಕಳು ಒಳಗ ಕುಂದ್ರಾವ್ರು. ಇನ್ನೂ ಅಗೀಬೇಕು."

ಸೂಗಪ್ಪನವರು ಒಮ್ಮೆ ಅವಳನ್ನು ನೋಡಿದರು, ಒಮ್ಮೆ ದಣಿದು ನಗುತ್ತ ಕೂತ ಒಂಬತ್ತು ಮುಖಗಳನ್ನು ನೋಡಿದರು. ಗಂಟಲು ಸರಿಮಾಡಿಕೊಂಡು ಇಂಗ್ಲಿಷಿನಲ್ಲಿ ಏನೋ ಹೇಳಿದರು. ಅತಿಥಿಗಳು ಚಪ್ಪಾಳೆ ತಟ್ಟಿದರು. ನಾರ್ಮನ್ ಎದೆಯ ಮೇಲೆ ಕೈಯಿಟ್ಟು ಬಾಗಿ ನಮಸ್ಕರಿಸಿದ.

ಭೀಮಾಬಾಯಿಗೆ ಇಂಗ್ಲಿಷು ಬರುತ್ತಿರಲಿಲ್ಲ, ಆದರೆ ಚಪ್ಪಾಳೆ ಅರ್ಥವಾಗುತ್ತಿತ್ತು. ಅವಳ ಮಾತಿಗೆ ಚಪ್ಪಾಳೆ ಬೀಳುವಂಥದ್ದೇನೂ ಇರಲಿಲ್ಲ. ಹತ್ತು ವರ್ಷ ಕಾದು ಬಾಯಿ ತೆಗೆದರೆ, ಬಾಯಿಂದ ಹೊರಟ ಮಾತು ದಾರಿಯಲ್ಲೇ ಬೇರೆಯಾಗಿ ಹೋಗಿತ್ತು. ಅವಳಿಗೆ ಸಿಟ್ಟು ಬಂತು. ಅವಮಾನವೂ ಆಯಿತು. ತಾಟು ಎತ್ತಿಕೊಂಡು ಒಳಗೆ ಹೋದಳು. ಅಂಗಳದಲ್ಲಿ ಒಬ್ಬಳು ಮಾತ್ರ ಚಪ್ಪಾಳೆ ತಟ್ಟಿರಲಿಲ್ಲ. ಎಡಿತಮ್ಮ ಭೀಮಾಬಾಯಿಯ ಮುಖವನ್ನೇ ನೋಡುತ್ತ ಕೂತಿದ್ದಳು.

ಮೂರನೆಯ ದಿನ ಬೆಳಿಗ್ಗೆ ಭೀಮಾಬಾಯಿ ಬೇರೆ ದಾರಿ ಹಿಡಿದಳು. ಕಾಲುವೆ ಕೆಲಸದ ಕಾಲದಲ್ಲಿ ಮಣ್ಣು ಪರೀಕ್ಷೆ ಮಾಡುವ ಶೆಡ್ಡಿಗೆ ಅವಳು ನೀರು ಹೊತ್ತಿದ್ದಳು. ಅಲ್ಲಿನವರು ಗಾಜಿನ ಕೊಳವೆಗಳಲ್ಲಿ ಏನು ಮಾಡುತ್ತಾರೆಂದು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಗಾಜಿನ ಕೊಳವೆ ಎಲ್ಲಿಂದ ಬರಬೇಕು? ಸೋನಿಯ ಬುತ್ತಿಯ ಸ್ಟೀಲ್ ಡಬ್ಬಿ ಇತ್ತು. ಪಾಯದಿಂದ ತೆಗೆದು ಹಾಕಿದ್ದ ಒಣ ಹೆಂಟೆಗಳನ್ನು ಕುಟ್ಟಿ, ಡಬ್ಬಿಯ ಅಂಚಿನ ತನಕ ಮುಷ್ಟಿಯಿಂದ ಗುದ್ದಿ ಗುದ್ದಿ ತುಂಬಿದಳು. ಕಡ್ಡಿಯಿಂದ ನಾಲ್ಕು ತೂತು ಕೊರೆದು, ನಿಧಾನವಾಗಿ ನೀರು ಹನಿಸಿ, ಮೇಲೆ ಮುಚ್ಚಳ ಇಟ್ಟಳು. ಮುಚ್ಚಳದ ಮೇಲೆ ಗೋಡೆಗೆಂದು ತಂದ ಕಲ್ಲಿನ ಒಂದು ಚೂರು ಇಟ್ಟಳು. ಇದನ್ನೆಲ್ಲ ಮಾಡಿದ್ದು ಎಡಿತಮ್ಮ ಚಹಾ ಕುಡಿಯುತ್ತ ಕೂತ ಕಟ್ಟೆಯ ಮೇಲೇ, ಅವಳ ಕಣ್ಣೆದುರಿಗೇ. ಆಮೇಲೆ ಪಾಯದ ಕಡೆಗೊಮ್ಮೆ, ಡಬ್ಬಿಯ ಕಡೆಗೊಮ್ಮೆ ಬೆರಳು ತೋರಿಸಿ, ಒಲೆಗೆ ಹೋದಳು.

ಎಡಿತಮ್ಮ ಅಂದು ಕೆಲಸಕ್ಕೆ ಹೋಗಲಿಲ್ಲ. ಕಟ್ಟೆಯ ಮೇಲೇ ಕೂತಳು. ಕರೆಯಲು ಬಂದವರನ್ನು ಕೈಬೀಸಿ ಕಳಿಸಿದಳು. ಆಗಾಗ ಎದ್ದು ಮುಚ್ಚಳವನ್ನು ಬಗ್ಗಿ ನೋಡುತ್ತಿದ್ದಳು. ಬಿಸಿಲು ನೆತ್ತಿಗೇರುವ ಹೊತ್ತಿಗೆ ಮುಚ್ಚಳ ಅಂಚು ಬಿಟ್ಟಿತ್ತು. ಊಟದ ಹೊತ್ತಿಗೆ ಕಪ್ಪು ಮಣ್ಣು ಎರಡು ಬೆರಳು ಮೇಲೆದ್ದು, ಮುಚ್ಚಳವನ್ನೂ ಕಲ್ಲನ್ನೂ ತಲೆಯ ಮೇಲೆ ಹೊತ್ತು ನಿಂತಿತ್ತು.

"ನಾರ್ಮನ್!" ಎಂದು ಎಡಿತಮ್ಮ ಕೂಗಿದ ಕೂಗಿಗೆ ಆಡುಗಳು ಬೆದರಿದವು.

ನಾರ್ಮನ್ ಬಂದ. ಹಿಂದೆಯೇ ಎಲ್ಲರೂ ಬಂದರು. ಎಡಿತಮ್ಮ ಒಂದು ಚಿಟಿಕೆ ಮಣ್ಣು ಬೆರಳಲ್ಲಿ ತಿಕ್ಕಿ, ಡಬ್ಬಿ ತೋರಿಸಿ ಗಡಗಡ ಮಾತಾಡಿದಳು. ಅವಳು ಗೋಧಿ ಬೆಳೆಯುವ ಸೀಮೆಯ ರೈತನ ಹೆಂಡತಿ. ಅವರ ಹೊಲದಲ್ಲೂ ಇಂಥದ್ದೇ ಜಿಗಟು ಮಣ್ಣಂತೆ. ಹಿಮ ಕರಗಿ ನೀರಾದಾಗ ನೆಲ ಉಬ್ಬಿ, ಪ್ರತಿ ವರ್ಷ ಅಡಿಗೆಮನೆಯ ಬಾಗಿಲು ಬಿಗಿದುಕೊಳ್ಳುತ್ತದಂತೆ, ಗಂಡ ಬದುಕಿರುವ ತನಕ ಆ ಬಾಗಿಲಿಗೆ ಬೈಯುತ್ತಲೇ ಇದ್ದನಂತೆ. ನಾರ್ಮನ್ ಪಟ್ಟಣದಲ್ಲಿ ಬಂಡೆಯ ಮೇಲೆ ಮನೆ ಕಟ್ಟಿದವನು. ಅವನು ಡಬ್ಬಿ ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದ. ಆಮೇಲೆ ಮುರುಕು ಗೋಡೆಯ ತನಕ ನಡೆದು ಹೋಗಿ ಬಿರುಕಿನಲ್ಲಿ ಮೊಣಕೈ ತನಕ ತೋಳು ತೂರಿಸಿದ.

ಎಡಿತಮ್ಮ ಪಾದ್ರಿಯ ಕಡೆ ತಿರುಗಿ ಒಂದು ಪ್ರಶ್ನೆ ಕೇಳಿದಳು. ಸೂಗಪ್ಪನವರು ತಲೆ ತಗ್ಗಿಸಿದರು. ಅವರ ದೊಡ್ಡತನ ಇರುವುದು ಇಲ್ಲಿ: ಸುಳ್ಳಿಗೆ ಇನ್ನೊಂದು ಸುಳ್ಳು ಸೇರಿಸಲಿಲ್ಲ.

"ಬಾಯಿ, ನಿನ್ನೆ ನೀ ಏನಂದಿ ಅಂತ ಕೇಳ್ಲಾಕತ್ತಾರ. ನಾ ತಪ್ಪ ಹೇಳಿದ್ನಿ. ನಿಮ್ಮ ಪಾಯ ಬಾಳ ಚಂದ ಅದ ಅಂತ ಹೇಳ್ಯಾಳ ಅಂದ್ನಿ. ನನ್ನ ಮಾಫ್ ಮಾಡು. ಈಗ ಮತ್ತ ಹೇಳು, ಒಂದು ಅಕ್ಷರನೂ ಬಿಡಲ್ಲ."

ಭೀಮಾಬಾಯಿ ಮತ್ತೆ ಹೇಳಿದಳು. ಈ ಸಲ ಹಳೆಯ ಕೋಣೆಯ ಕಥೆಯನ್ನೂ, ತಾನು ಬಾಯಿ ಮುಚ್ಚಿಕೊಂಡು ಕಲ್ಲು ಹೊತ್ತದ್ದನ್ನೂ ಹೇಳಿದಳು. ಸೂಗಪ್ಪನವರು ಒಂದೊಂದೇ ಮಾತನ್ನು ತಿರುಗಿಸಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ನಾರ್ಮನ್ ತನ್ನ ನಕ್ಷೆಯನ್ನು ಮಡಚಿ ಜೇಬಿಗಿಟ್ಟು, "ಎಷ್ಟು ಆಳ?" ಎಂದು ಅವಳನ್ನೇ ಕೇಳಿದ.

"ಗರಸು ಸಿಗೂತನ. ಐದು ಮೊಳ ಆಗಬಹುದು."

ಏಳೂವರೆ ಅಡಿ ಎಂದು ಕೇಳಿದ್ದೇ ಅತಿಥಿಗಳ ಮುಖ ಇಳಿಯಿತು. ಉಳಿದದ್ದು ಐದು ದಿನ. ಅಂಗೈಗಳಲ್ಲಿ ಆಗಲೇ ಬೊಬ್ಬೆ. ಮತ್ತೆ ಬರಲು ಅವರಿಗೆ ಸಾಧ್ಯವಿಲ್ಲ, ಪಾಯವನ್ನು ಅರ್ಧ ಬಿಟ್ಟು ಹೋದರೆ ಅದು ಮಳೆಗಾಲಕ್ಕೆ ಹೊಂಡವಾಗುತ್ತದೆ. ಒಂಬತ್ತು ಮಂದಿಯಿಂದ ಇದು ಆಗುವ ಮಾತಲ್ಲವೆಂದು ನಾರ್ಮನ್ ಕೈಚೆಲ್ಲಿದ.

"ಒಂಬತ್ತು ಮಂದಿ ಯಾಕ್ರಿ?" ಎಂದಳು ಭೀಮಾಬಾಯಿ. "ನನ್ನ ಗ್ಯಾಂಗ್ ಕರಸ್ತೀನಿ."

ಕಾಲುವೆಯ ಗ್ಯಾಂಗಿನಲ್ಲಿ ಒಂದು ನಡವಳಿಕೆ ಇತ್ತು. ಮೊಲೆಯುಣ್ಣುವ ಕೂಸಿದ್ದ ಹೆಂಗಸು ಮರದ ಕೆಳಗೆ ಹೋಗಿ ಹಾಲು ಕುಡಿಸಿ ಬರುವ ತನಕ ಅವಳ ಬುಟ್ಟಿಯನ್ನು ಸಾಲಿನಲ್ಲಿ ಹಿಂದಿದ್ದವಳು ಹೊರುತ್ತಿದ್ದಳು. ಗುತ್ತಿಗೆದಾರನಿಗೆ ಗೊತ್ತಾಗದಂತೆ, ಸಾಲು ಮುರಿಯದಂತೆ. ಭೀಮಾಬಾಯಿ ಆಗ ಎತ್ತಿನಂಥ ಹೆಂಗಸು. ಒಂಬತ್ತು ವರ್ಷದಲ್ಲಿ ಅವಳು ಹೀಗೆ ಹೊರದ ಹೆಂಗಸಿನ ಬುಟ್ಟಿ ಇರಲಿಲ್ಲ. ಕೈಗೆ ಕೈ ಕೊಟ್ಟ ಇಂಥ ದುಡಿಮೆಗೆ ಈ ಸೀಮೆಯಲ್ಲಿ ಮುಯ್ಯಿ ಎನ್ನುತ್ತಾರೆ. ಅದನ್ನು ಯಾರೂ ಬರೆದಿಡುವುದಿಲ್ಲ, ಯಾರೂ ಮರೆಯುವುದೂ ಇಲ್ಲ. ಆ ಮಧ್ಯಾಹ್ನವೇ ಗೋಗಿಯ ಬಸ್ ನಿಲ್ದಾಣದಲ್ಲಿ ಶಹಾಪುರ, ಸುರಪುರ, ಯಾದಗಿರಿ ಬಸ್ಸುಗಳ ಕಂಡಕ್ಟರುಗಳ ಕೈಯಲ್ಲಿ ಮಾತು ಹೋಯಿತು: ಭೀಮಾಬಾಯಿ ಮುಯ್ಯಿ ಕೇಳಾಕತ್ತಾಳ, ಬುಟ್ಟಿ ತಗೊಂಡು ಬರ್ರಿ.

ನಾಲ್ಕನೆಯ ದಿನ ಬೆಳಗಿನ ಬಸ್ಸಿನಿಂದ ಮೊದಲು ಇಳಿದವಳು ಸುರಪುರದ ಕಡೆಯ ತಿಮ್ಮವ್ವ, ಬೇಡರ ಹೆಂಗಸು, ಅರವತ್ತು ದಾಟಿದವಳು. ತಲೆಯ ಮೇಲೆ ಸಿಂಬಿ ಇಟ್ಟುಕೊಂಡೇ ಬಂದಿದ್ದಳು. ಅವಳ ಹಿಂದೆ ಕೊಡೇಕಲ್ ಕಡೆಯವರು ಇಬ್ಬರು, ರಾಮಸಮುದ್ರದ ಮೂವರು, ಸುತ್ತಲ ತಾಂಡಾಗಳಿಂದ ನಡೆದೇ ಬಂದವರು ಇಪ್ಪತ್ತಕ್ಕೂ ಹೆಚ್ಚು. ಭೀಮಾಬಾಯಿಯನ್ನು ಕಂಡದ್ದೇ ತಿಮ್ಮವ್ವ, "ಯವ್ವಾ ಭೀಮೀ, ಮುದುಕಿ ಆಗೀಯಲ್ಲೇ!" ಎಂದಳು. ಹತ್ತು ವರ್ಷದ ಮೇಲೆ ಕಂಡ ಮುಖ. ಲಂಬಾಣಿ ಹೆಂಗಸರು ತಬ್ಬಿಕೊಂಡು, ಹಾಡಿಗೆ ಹಾಡು ಸೇರಿಸಿ ಅತ್ತರು. ಆ ಹಾಡಿನಲ್ಲಿ ಸತ್ತವರ ಹೆಸರು ಬಂತು, ಹುಟ್ಟಿದವರ ಹೆಸರೂ ಬಂತು. ಅತಿಥಿಗಳು ದೂರದಲ್ಲಿ ನಿಂತು ನೋಡಿದರು. ನಿಜವಾದ ಅಳು ಹೇಗಿರುತ್ತದೆಂದು ಅವರಿಗೆ ಆಗ ತಿಳಿಯಿತು.

ಆಮೇಲಿನ ಎರಡು ದಿನ ಆ ಬಯಲು ಕಂಡ ಕೆಲಸವನ್ನು ತಾಂಡಾ ಇವತ್ತಿಗೂ ಹೇಳಿಕೊಂಡು ಹಿಗ್ಗುತ್ತದೆ. ಗಂಡಸರು ಪಿಕಾಸಿ ಹಿಡಿದು ಕೆಳಗಿಳಿದರು. ಹೆಂಗಸರು ಸಾಲು ಕಟ್ಟಿದರು. ಒಬ್ಬಳ ಕೈಯಿಂದ ಇನ್ನೊಬ್ಬಳ ಕೈಗೆ ತುಂಬಿದ ಬುಟ್ಟಿ ಮೇಲೆ, ಖಾಲಿ ಬುಟ್ಟಿ ಕೆಳಗೆ, ಒಂದು ಕ್ಷಣವೂ ನಿಲ್ಲದೆ. ಅತಿಥಿಗಳು ಮೊದಲು ಸಾಲಿನಲ್ಲಿ ಅಲ್ಲಲ್ಲಿ ನಿಂತು ಬುಟ್ಟಿ ಬೀಳಿಸಿ ಬೈಸಿಕೊಂಡರು. "ಕೈ ನೋಡಬ್ಯಾಡ, ಮುಂದಿನಾಕಿ ಮುಖ ನೋಡು!" ಎಂದು ತಿಮ್ಮವ್ವ ಕನ್ನಡದಲ್ಲೇ ಗದರುತ್ತಿದ್ದಳು. ಮಧ್ಯಾಹ್ನದೊಳಗೆ ಕಲಿತರು. ಎಡಿತಮ್ಮನಿಗೆ ಕೂತು ನೀರು ಕೊಡುವ ಕೆಲಸ ಕೊಟ್ಟರೆ ಒಪ್ಪಲಿಲ್ಲ. ಸಾಲಿನಲ್ಲಿ ಭೀಮಾಬಾಯಿಯ ಪಕ್ಕದಲ್ಲೇ ನಿಂತಳು. ಅವಳ ಕೈ ಸೋತಾಗ ಭೀಮಾಬಾಯಿ ಅವಳ ಬುಟ್ಟಿಯನ್ನೂ ತಾನೇ ಹಿಡಿದು ದಾಟಿಸಿದಳು.

ಐದನೆಯ ದಿನ ಮಧ್ಯಾಹ್ನ ಪಾಯ ಆಳುದ್ದ ಇಳಿಯಿತು. ತಳ ಗಟ್ಟಿಯಾಗಿ ಕಾಣುತ್ತಿತ್ತು. ಇಷ್ಟು ಸಾಕಲ್ಲವೇ ಎಂದು ನಾರ್ಮನ್ ಕೇಳಿದ. ಎಲ್ಲರೂ ಭೀಮಾಬಾಯಿಯ ಕಡೆ ನೋಡಿದರು. ಒಂಬತ್ತು ವರ್ಷ ಕಾಲುವೆ ಅಗೆದಾಗ ಒಬ್ಬರೂ ಹೀಗೆ ನೋಡಿರಲಿಲ್ಲ. ಅವಳು ಏಣಿ ಹಿಡಿದು ಕೆಳಗಿಳಿದಳು. ಹಾರೆ ಎತ್ತಿ ತಳಕ್ಕೆ ಹೊಡೆದಳು. ದಪ್ಪ್ ಎಂದು ಮಣ್ಣು ಹಾರೆಯನ್ನು ನುಂಗಿತು.

"ಇಲ್ಲ. ಇನ್ನೂ ಎರೆ ಅದ. ಅಗೀರಿ."

ಇನ್ನೊಂದು ಮೊಳ ಅಗೆದರು. ಮತ್ತೆ ಹೊಡೆದಳು, ಮತ್ತೆ ದಪ್ಪ್. "ಅಗೀರಿ." ಬಿಸಿಲು ಇಳಿಯುತ್ತಿತ್ತು, ಸೊಂಟಗಳು ಬಿದ್ದುಹೋಗಿದ್ದವು, ಆದರೂ ಯಾರೂ ಎದುರಾಡಲಿಲ್ಲ. ಮೂರನೆಯ ಸಲ ಹಾರೆ ಬಿದ್ದಾಗ ಖಣ್ ಎಂದು ದನಿ ಬಂತು. ಕೈ ಜುಮ್ಮೆಂದಿತು. ಅವಳು ಕೂತು ಕೆಂಪು ಗರಸನ್ನು ಬೊಗಸೆಯಲ್ಲಿ ಎತ್ತಿ ಮೇಲೆ ನಿಂತವರಿಗೆ ತೋರಿಸಿದಳು. ತಾಂಡಾ ಕೇಕೆ ಹಾಕಿತು. ಮೌಲಾಲಿ ರುಮಾಲು ಗಾಳಿಗೆ ತೂರಿ, "ಶಾಬಾಸ್ ಅಕ್ಕಾ!" ಎಂದ. ನಾಲ್ಕೂ ಮೂಲೆಯಲ್ಲಿ ಹಾರೆ ಖಣ್ ಎನ್ನುವ ತನಕ ಅವಳು ಮೇಲೆ ಬರಲಿಲ್ಲ.

ಅವಳು ತಳದಲ್ಲಿ ನಿಂತಾಗ ಎಡಿತಮ್ಮ ಕ್ಯಾಮೆರಾ ತೆಗೆದು ಒಂದು ಫೋಟೋ ಹೊಡೆದಳು.

ಉಳಿದ ಮೂರು ದಿನ ಗರಸು ತುಂಬಿ, ಧಮ್ಮಸು ಹಾಕಿ ಬಡಿದು ಗಟ್ಟಿಮಾಡಿ, ಮೌಲಾಲಿಯ ಕೈಕೆಳಗೆ ದಿಂಡುಗಲ್ಲು ಕೂರಿಸಿದರು. ಎಂಟನೆಯ ದಿನದ ಸಂಜೆಗೆ ಪಾಯ ನೆಲದ ಮಟ್ಟಕ್ಕೆ ಬಂತು, ಅಷ್ಟೇ. ಗೋಡೆ ಇಲ್ಲ, ಬಣ್ಣ ಇಲ್ಲ, ನೆಲಕ್ಕೆ ಸಮನಾಗಿ ನಾಲ್ಕು ಸಾಲು ಕಲ್ಲು. ಸೂಗಪ್ಪನವರಿಗೆ ಕಸಿವಿಸಿ. ಊರಿಗೆ ಹೋಗಿ ಏನು ತೋರಿಸುತ್ತೀರಿ ಎಂದು ಎಡಿತಮ್ಮನನ್ನು ಕೇಳಿದರು. ಅವಳು ಹೇಳಿದ್ದನ್ನು ಅವರೇ ಭೀಮಾಬಾಯಿಗೆ ತಿಳಿಸಿದರು: "ತೋರಿಸಲಿಕ್ಕೆ ನಿನ್ನ ಫೋಟೋ ಅದ ಅಂತಾರ. ನಮ್ಮ ಕೆಲಸಕ್ಕ ನೆಲದ ಕೆಳಗ ಜಾಗ ಸಿಕ್ಕದ, ಅದಕ್ಕ ಬಾಳ ಸಂತೋಷ ಆಗ್ಯಾದ ಅಂತಾರ." ಗೋಡೆ ಎಬ್ಬಿಸುವ ಹೊಣೆಯನ್ನು ನಾಯ್ಕ, ಪಾದ್ರಿ, ಮೌಲಾಲಿ ಮೂವರೂ ಹೊತ್ತರು.

ಮರುದಿನ ಬೆಳಿಗ್ಗೆ ಜೀಪು ಹೊರಟಾಗ ಎಡಿತಮ್ಮ ಬಂದು ಭೀಮಾಬಾಯಿಯ ಎದುರು ಕೈಮುಗಿದು ನಿಂತಳು. ತಬ್ಬಿಕೊಳ್ಳಲು ಹೋಗಲಿಲ್ಲ. ಮೊದಲ ದಿನದ ಪಾಠ ಮರೆತಿರಲಿಲ್ಲ.

ಭೀಮಾಬಾಯಿಯೇ ಮುಂದೆ ಬಂದು ಅವಳ ಕೊರಳಿಗೆ ಕೈ ಹಾಕಿದಳು. ಅವಳ ಎದೆಯಿಂದ ಹಾಡು ಎದ್ದಿತು. ಅಕ್ಕಾ, ಏಳು ಸಮುದ್ರ ದಾಟಿ ತೌರಿಗೆ ಬಂದೆಯಲ್ಲ, ಎಂಟೇ ದಿನಕ್ಕೆ ಹೊರಟೆಯಲ್ಲ. ಅಂಗೈ ಬೊಬ್ಬೆ ಒಣಗಲಿಲ್ಲ, ನನ್ನ ಕೈಯ ರೊಟ್ಟಿ ಸಾಕಾಗಲಿಲ್ಲ. ನನ್ನ ಬುಟ್ಟಿಯ ಜೊತೆಯವಳೇ, ಇನ್ನು ನಿನ್ನ ಮುಖ ಯಾವ ಜನ್ಮದಲ್ಲಿ ನೋಡಲಿ. ಲಂಬಾಣಿ ಭಾಷೆಯ ಹಾಡು, ಎಡಿತಮ್ಮನಿಗೆ ಒಂದು ಶಬ್ದವೂ ತಿಳಿಯದು. ಸೂಗಪ್ಪನವರು ಹೇಳಲು ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡರು. ಮುದುಕಿಯ ಕಣ್ಣಿಂದ ಧಾರಾಕಾರ ನೀರು ಇಳಿಯುತ್ತಿತ್ತು, ಈ ಸಲ ದನಿಯೇ ಇರಲಿಲ್ಲ.

ಹೋಳಿಯ ಹೊತ್ತಿಗೆ ಗೋಡೆ ಎದ್ದಿತು, ಯುಗಾದಿಗೆ ಶಹಾಬಾದಿ ಫರಸಿಗಲ್ಲಿನ ಛಾವಣಿ ಬಿತ್ತು. ಜೂನಿನಲ್ಲಿ ಮಾಸ್ತರರು ಬಂದರು. ಜುಲೈಯಲ್ಲಿ ಕಾಲುವೆಗೆ ನೀರು ಬಿಟ್ಟರು, ಮಳೆಯೂ ಹಿಡಿಯಿತು. ಎರೆ ನೀರು ಕುಡಿದು ಉಬ್ಬಿತು. ಮುರುಕು ಗೋಡೆ ಒಂದು ಬೆಳಿಗ್ಗೆ ಪೂರ್ತಿ ನೆಲಕ್ಕೊರಗಿತು. ಭೀಮಾಬಾಯಿ ದಿನಾ ಹೊಸ ಕೋಣೆಯನ್ನು ಸುತ್ತು ಹಾಕಿ, ಗೋಡೆಯ ಮೇಲೆಲ್ಲ ಅಂಗೈ ಆಡಿಸಿ, ಹುಲ್ಲುಕಡ್ಡಿ ತೂರುವಷ್ಟು ಬಿರುಕಾದರೂ ಇದೆಯೋ ಎಂದು ಹುಡುಕುತ್ತಿದ್ದಳು. ಸಿಕ್ಕಲಿಲ್ಲ. ಒಳಗೆ ಸೋನಿ ಎಲ್ಲರಿಗಿಂತ ಜೋರಾಗಿ ಮಗ್ಗಿ ಒದರುತ್ತಿದ್ದಳು. ಭೀಮಾಬಾಯಿ ಕಿಟಕಿಯ ಕೆಳಗೆ ಕೂತು ಏಳರ ಮಗ್ಗಿ ಮುಗಿಯುವ ತನಕ ಕೇಳಿ, ಮೂಗು ಒರೆಸಿಕೊಂಡು ಮನೆಗೆ ಹೋಗುತ್ತಿದ್ದಳು.

ದೀಪಾವಳಿ ಕಳೆದ ಮೇಲೆ ಕಾಲುವೆಯ ಆಚೆ ದಂಡೆಯ ತಾಂಡಾದಲ್ಲೂ ಒಂದು ಕೋಣೆಗೆ ಪಾಯ ತೆಗೆದರು. ಕಟ್ಟಿಸುವವರು ಬೇರೆಯವರು, ಪ್ಯಾಂಟು ಬೂಟಿನವರು, ಮೇಸ್ತ್ರಿ ಮಾತ್ರ ಮೌಲಾಲಿ. ಮುಹೂರ್ತಕ್ಕೆ ಎಲ್ಲ ತಯಾರಾಗಿತ್ತು. ಆದರೆ ಮೌಲಾಲಿ ಮೊದಲ ಕಲ್ಲಿನ ಮೇಲೇ ಕೂತು ಬೀಡಿ ಹಚ್ಚಿದ.

"ಯಾಕ ಮೇಸ್ತ್ರಿ, ಯಾರ ಹಾದಿ ಕಾಯ್ಲಾಕತ್ತಿ?" ಎಂದು ಪ್ಯಾಂಟಿನವರು ಕೇಳಿದರು.

"ನಮ್ ಭೀಮಾಬಾಯಿ ಬರಬೇಕ್ರಿ. ಆಕಿ ಹ್ಞೂಂ ಅನ್ನೂತನ ನಾ ಕಲ್ಲು ಇಡಾಂವ ಅಲ್ಲ."

ಅವಳು ದಂಡೆಯ ಮೇಲಿಂದ ಬಂದಳು, ಅವಸರವಿಲ್ಲದೆ, ಹೆಗಲ ಮೇಲೆ ಹಾರೆ. ಪ್ಯಾಂಟಿನವರು ದಾರಿ ಬಿಟ್ಟರು. ಕೆಳಗಿಳಿದು ನಾಲ್ಕು ಮೂಲೆಯಲ್ಲೂ ಹೊಡೆದು, ಕಿವಿಗೊಟ್ಟು ಕೇಳಿದಳು. ಆಮೇಲೆ ತಲೆಯೆತ್ತಿ ಅಷ್ಟೂ ಮಂದಿಗೆ ಕೇಳುವಂತೆ ಹೇಳಿದಳು:

"ಹ್ಞೂಂ. ಇಡು."

ಮೌಲಾಲಿ ಬೀಡಿ ಎಸೆದು ಎದ್ದು, ಮೊದಲ ಕಲ್ಲನ್ನು ಇಳಿಸಿದ.